ಮೊದಲು ಸಫಾರಿ, ಆಮೇಲೆ ರಾಫ್ಟಿಂಗ್: ದಾಂಡೇಲಿಯಲ್ಲಿ ನನ್ನ ಲೆಕ್ಕಾಚಾರ

ದಾಂಡೇಲಿಗೆ ಪ್ರವಾಸಿಗರ ಬ್ಯಾಚ್ ಕರೆದೊಯ್ಯುವ ನಮ್ಮವರೆಲ್ಲರ ಪಟ್ಟಿ ಒಂದೇ. ಶನಿವಾರ ಮಧ್ಯಾಹ್ನ ಗಣೇಶಗುಡಿಯಲ್ಲಿ ರಾಫ್ಟಿಂಗ್, ರಾತ್ರಿ ಕ್ಯಾಂಪ್‌ಫೈರ್, ಭಾನುವಾರ ಬೆಳಗ್ಗೆ ಸಫಾರಿ, ಊಟ, ವಾಪಸ್. ನಾನೂ ವರ್ಷಗಟ್ಟಲೆ ಹೀಗೇ ನಡೆಸಿದೆ. ಈಗ ತಲೆಕೆಳಗು ಮಾಡಿದ್ದೇನೆ. ಭಾನುವಾರ ಬೆಳಗ್ಗೆ ಸಫಾರಿ, ಅದೇ ಮಧ್ಯಾಹ್ನ ರಾಫ್ಟಿಂಗ್, ನೀರಿನಿಂದ ಎದ್ದು ನೇರ ಹುಬ್ಬಳ್ಳಿಗೆ. ಇದನ್ನು ಹೇಳಿದಾಗ ನಮ್ಮದೇ ಕೆಲಸದ ಒಬ್ಬರು, "ಏನ್ರೀ, ತಲಿ ಕೆಟ್ಟೈತೇನು? ನಾಲ್ಕೂವರಿಗೆ ಎದ್ದ ಮಂದಿ ಮಧ್ಯಾಹ್ನ ಪ್ಯಾಡಲ್ ಹಿಡೀತಾರೇನ್ರೀ?" ಅಂದಿದ್ದರು. ಈ ಸೀಸನ್‌ನಲ್ಲಿ ಅವರೇ ಎರಡು ಸಲ ಫೋನ್ ಮಾಡಿ ಟೈಮಿಂಗ್ ಕೇಳಿದರು.

ಹಳೇ ಕ್ರಮದಲ್ಲಿ ದುಡ್ಡು ಸೋರುತ್ತಿದ್ದದ್ದು ಸಫಾರಿ ಸೀಟಿನಲ್ಲಿ. ರಾಫ್ಟಿಂಗ್ ಮುಗಿಸಿದವರಿಗೆ ಮೈಯೆಲ್ಲ ನೋವು, ಬಾಯಿಗೆ ಮಾತ್ರ ಬಿಡುವಿಲ್ಲ. ಬೆಂಕಿ ಸುತ್ತ ಕೂತು ಒಂದು ಗಂಟೆವರೆಗೂ ಅದೇ ಕಥೆ. ಬೆಳಗ್ಗೆ ಐದಕ್ಕೆ ಬಾಗಿಲು ಬಡಿದರೆ ಹನ್ನೆರಡು ಮಂದಿಯಲ್ಲಿ ನಾಲ್ಕೈದು ಜನ ಏಳುವುದೇ ಇಲ್ಲ. ಗೇಟಿನಲ್ಲಿ ಜೀಪು ಅವರಿಗಾಗಿ ಕಾಯುತ್ತಾ? ಸೀಟಿನ ದುಡ್ಡು ಹೋಯ್ತು. ಊರಿಗೆ ಹೋದ ಮೇಲೆ "ನಾವು ಸಫಾರಿ ಮಾಡಲೇ ಇಲ್ಲವಲ್ಲ" ಎಂದು ಅರ್ಧ ವಾಪಸ್ ಕೇಳುತ್ತಾರೆ. ಒಂದು ಸೀಸನ್‌ನಲ್ಲಿ ಹೀಗೇ ನಲವತ್ತು ಸಾವಿರದ ಹತ್ತಿರ ಕೈಬಿಟ್ಟಿತ್ತು. ಎದ್ದು ಬಂದವರಾದರೂ ಸುಮ್ನೆ ಇರ್ತಾರಾ? ಜೀಪಿನಲ್ಲೂ ನಿನ್ನೆ ಬೋಟು ಮಗುಚಿದ ಮಾತೇ. ಕಾಟಿ, ಅಂದರೆ ಕಾಡುಕೋಣ, ಹತ್ತಿರದಲ್ಲಿ ಇದ್ದರೂ ಕಾಡಿನೊಳಗೆ ಸರಿದುಬಿಡುತ್ತದೆ.

ಮುಂದೆ ರಾಫ್ಟಿಂಗ್ ಇದೆ ಎಂಬ ಭಯ ಇರುವವರು ಜೀಪಿನಲ್ಲಿ ಬಾಯಿ ಬಿಡುವುದಿಲ್ಲ. ನನ್ನ ಕ್ರಮ ನಿಂತಿರುವುದೇ ಇದರ ಮೇಲೆ.

ಆದರೆ ಮೊದಲ ಪ್ರಯತ್ನಗಳು ನೆಲ ಕಚ್ಚಿದವು. ಸಫಾರಿ ಮುಗಿಸಿ ಬೆಳಗಿನ ರಾಫ್ಟಿಂಗ್ ಬ್ಯಾಚ್ ಹಿಡಿಯಲು ಹೊರಟರೆ, ಸಫಾರಿ ಗೇಟಿರುವ ಫಣಸೋಲಿ ಕಡೆಯಿಂದ ಗಣೇಶಗುಡಿಗೆ ಟೆಂಪೋ ಟ್ರಾವೆಲರ್ ಎಷ್ಟು ಓಡಿಸಿದರೂ ತಡ. ಗೈಡ್‌ಗಳ ಮುಖ ಗಂಟು. ದಾರಿಯಲ್ಲಿ ಪೂರಿ-ಭಾಜಿ ಕಟ್ಟಿಸಿಕೊಂಡ ಬ್ಯಾಚ್ ಒಂದಿತ್ತು. ನೀರು ಕಲ್ಲುಗಳ ನಡುವೆ ನುಗ್ಗುವ ಎರಡನೇ ರ‍್ಯಾಪಿಡ್‌ನಲ್ಲೇ ಇಬ್ಬರು ವಾಂತಿ. ಆಮೇಲಿಂದ ಮೊಸರವಲಕ್ಕಿ, ಬಾಳೆಹಣ್ಣು, ಅಷ್ಟೇ. ಬೆಳಗಿನ ಬ್ಯಾಚಿನ ಆಸೆ ಬಿಟ್ಟು ಮಧ್ಯಾಹ್ನದ್ದಕ್ಕೆ ಹೋದ ಮೇಲೆಯೇ ದಾರಿ ತೆರೆದದ್ದು. ನಡುವೆ ಮೂರು ತಾಸು ನಿದ್ದೆ ಸಿಗುತ್ತದೆ. ಭಾನುವಾರ ಮಧ್ಯಾಹ್ನ ಎಲ್ಲರಿಗೂ ಮನೆಗೆ ಹೋಗುವ ಆತುರ, ಹಾಗಾಗಿ ಬೋಟು ಖಾಲಿ. ತಲೆಗೆ ಇನ್ನೂರು-ಮುನ್ನೂರು ಕಡಿಮೆಗೂ ಒಪ್ಪುತ್ತಾರೆ. ಬಾಯಿಬಿಟ್ಟು ಕೇಳಬೇಕು.

ನೀರಿನ ವಿಷಯ ನಿಮಗೆ ಗೊತ್ತೇ ಇದೆ. ಕಾಳಿ ನದಿ ಅಲ್ಲಿ ಹರಿಯುವುದು ನಮಗಾಗಿ ಅಲ್ಲ, ಕರೆಂಟಿಗಾಗಿ. ಸೂಪಾ ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಎರಡೂ ಓಡಿದರೆ ಅಲೆ ಚೆನ್ನಾಗಿ ಏಳುತ್ತದೆ. ಒಂದೇ ಆದರೆ ಕಲ್ಲು ತಲೆ ಎತ್ತುತ್ತದೆ, ಬೋಟು ತಳ ಉಜ್ಜುತ್ತದೆ. ಎರಡೂ ನಿಂತರೆ ರಾಫ್ಟಿಂಗೇ ಇಲ್ಲ. ಮಧ್ಯಾಹ್ನ ನೀರು ಇರುತ್ತೋ ಇಲ್ಲವೋ ಎಂಬುದು ನನಗೆ ಶನಿವಾರ ರಾತ್ರಿಯೇ ಹೆಚ್ಚುಕಡಿಮೆ ತಿಳಿಯುತ್ತದೆ. ಹೇಗೆ ಅಂತ ಮಾತ್ರ ಕೇಳಬೇಡಿ, ಅದನ್ನು ಸಂಪಾದಿಸೋಕೆ ನನಗೆ ಬಹಳ ಚಹಾ ಖರ್ಚಾಗಿದೆ. ನೀರಿಲ್ಲದ ದಿನ ಹಿನ್ನೀರಿನಲ್ಲಿ ಕಯಾಕ್ ಮಾಡಿಸಿ ತಲೆಗೆ ಎಂಟುನೂರು ವಾಪಸ್ ಕೊಡುತ್ತೇನೆ. ಬುಕಿಂಗ್ ಮಾಡುವಾಗಲೇ ಇದನ್ನು ಹೇಳಿಬಿಟ್ಟರೆ ಜಗಳ ಇಲ್ಲ.

ಇನ್ನು ಹುಲಿ. ಬೋರ್ಡಿನ ಮೇಲೆ ಹುಲಿ ಚಿತ್ರ ಹಾಕುವುದನ್ನು ನಿಲ್ಲಿಸಿದ್ದೇನೆ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, 2015ರಲ್ಲಿ ಕಾಳಿ ಅಂತ ಹೆಸರು ಬದಲಾಯ್ತು, ನಿಜ. ಆದರೆ ಇದು ಕಬಿನಿ ಅಲ್ಲ. ಕಾಡು ದಟ್ಟ, ಹತ್ತು ಮಾರು ಆಚೆ ಏನಿದೆ ಅಂತ ಕಾಣಲ್ಲ. ಹುಲಿ ಅಂತ ಹೇಳಿ ಕರೆತಂದರೆ ಕಾಟಿ, ಜಿಂಕೆ, ಕೆಂದಳಿಲು ನೋಡಿದವರೂ ಮುಖ ಸಣ್ಣ ಮಾಡುತ್ತಾರೆ. ನಾನು ಮಾರುವುದು ಮಂಗಟ್ಟೆ ಹಕ್ಕಿಯನ್ನು, ಅದೇ ಹಾರ್ನ್‌ಬಿಲ್. ಇಲ್ಲಿ ಅದರ ನಾಲ್ಕು ಜಾತಿ ಸಿಗುತ್ತವೆ, ಅದರಲ್ಲೂ ದೊಡ್ಡದು ಕಂಡರೆ ಕೆಲಸ ಮುಗಿದಂತೆ. ತಲೆ ಮೇಲೆ ಹಾರಿದರೆ ರೆಕ್ಕೆಯ ಸದ್ದು ಹಳೇ ಉಗಿಬಂಡಿಯ ಹಾಗೆ.

ಫೆಬ್ರವರಿ-ಮಾರ್ಚ್‌ನಲ್ಲಿ ಇನ್ನೂ ಚಂದ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯನ್ನು ಮುಚ್ಚಿಕೊಂಡಿರುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಗಂಡು ಬಂದು ಕೊಂಬೆಗೆ ಆತು, ಕತ್ತು ಹಿಂದಕ್ಕೆ ಎಸೆದು, ಗಂಟಲಿನಿಂದ ಒಂದು ಹಣ್ಣು ಕೊಕ್ಕಿನ ತುದಿಗೆ ತರುತ್ತದೆ. ಸೀಳಿನಿಂದ ಹೆಣ್ಣಿನ ಕೊಕ್ಕಿನ ತುದಿ ಕಾಣುತ್ತದೆ, ಹಣ್ಣು ಒಳಗೆ ಹೋಗುತ್ತದೆ. ಮತ್ತೊಂದು. ಮತ್ತೊಂದು. ಕಳೆದ ಮಾರ್ಚ್‌ನಲ್ಲಿ ಐಟಿಯ ಹುಡುಗನೊಬ್ಬ ಎಣಿಸುತ್ತಾ ಕೂತಿದ್ದ, ಫೋನು ಜೇಬಿನಲ್ಲೇ ಇತ್ತು. ಗೂಡಿರುವ ಮರಕ್ಕೆ ನಾನು ಬ್ಯಾಚ್ ಹತ್ತಿರ ಬಿಡುವುದಿಲ್ಲ. ದೂರದಿಂದ ಬೈನಾಕ್ಯುಲರ್ ಅಷ್ಟೇ, ಹದಿನೈದು ನಿಮಿಷ. ಗಂಡು ಹೆದರಿ ಬಾರದಿದ್ದರೆ ಒಳಗಿನವರಿಗೆ ಉಪವಾಸ. ಶನಿವಾರ ಸಂಜೆ ಈ ಹಕ್ಕಿ ನೋಡಲು ನಾನು ನಿಲ್ಲುವ ಅತ್ತಿ ಮರ ಎಲ್ಲಿದೆ ಅಂತಲೂ ಹೇಳಲ್ಲ, ಬೇಜಾರು ಮಾಡ್ಕೋಬೇಡಿ.

ನಡುವೆ ಸೈಕಲ್ ಹುಚ್ಚೂ ಹತ್ತಿತ್ತು. ಜೋಯಿಡಾ ಕಡೆಯ ಹಳ್ಳಿ ರಸ್ತೆಗಳಲ್ಲಿ ಓಡಿಸಬಹುದು ಅಂತ ಹುಬ್ಬಳ್ಳಿಯಿಂದ ಗೇರ್ ಸೈಕಲ್ ಬಾಡಿಗೆ ತಂದೆ. ಟ್ರಾವೆಲರ್ ಮೇಲೆ ಕಟ್ಟಿ ತರುವ ಖರ್ಚೇ ಏಳೆಂಟು ಸಾವಿರ. ಮೊದಲ ದಿಣ್ಣೆಗೇ ಅರ್ಧ ಜನ ಇಳಿದು ತಳ್ಳಿದರು, ಉಳಿದವರಿಗೆ ಪಂಕ್ಚರ್. ಆದರೂ ಅದರಿಂದ ಒಂದು ಲಾಭ ಆಯ್ತು. ತಳ್ಳಿಕೊಂಡು ನಿಂತ ಊರಿನಲ್ಲಿ ಕುಣಬಿ ಸಮುದಾಯದ ಮನೆಯೊಂದರಲ್ಲಿ ಬೇಯಿಸಿದ ಗೆಣಸು ಕೊಟ್ಟರು. ಜೋಯಿಡಾದ ಗಡ್ಡೆ-ಗೆಣಸಿಗೆ ಮೇಳವೇ ನಡೆಯುತ್ತದಲ್ವಾ. ಈಗ ರಾಫ್ಟಿಂಗ್ ಮುಗಿದು ನಡುಗುತ್ತಾ ಮೇಲೆ ಬಂದವರಿಗೆ ಆ ಮನೆಯ ಅಕ್ಕನ ಬಿಸಿ ಗೆಣಸು, ಬೆಲ್ಲದ ಚಹಾ. ತಲೆಗೆ ನೂರು ಅವರಿಗೆ. ಹೋದವರೆಲ್ಲ ಮೊದಲು ಹೇಳುವುದು ಅದನ್ನೇ, ರ‍್ಯಾಪಿಡ್ ಆಮೇಲೆ.

ಲೆಕ್ಕ ಹೇಳಿಬಿಡುತ್ತೇನೆ. ಮೊದಲು ತಲೆಗೆ ಆರೂವರೆ ಸಾವಿರ ತಗೊಂಡು ಬ್ಯಾಚಿಗೆ ಉಳಿಯುತ್ತಿದ್ದದ್ದು ಎಂಟು-ಒಂಬತ್ತು ಸಾವಿರ, ಕೆಲವು ಸಲ ಕೈಯಿಂದಲೇ. ಈಗ ಏಳೂಮುಕ್ಕಾಲು ತಗೊಳ್ಳುತ್ತೇನೆ, ಇಪ್ಪತ್ತರ ಸುತ್ತ ಉಳಿಯುತ್ತದೆ. ಖಾಲಿ ಸಫಾರಿ ಸೀಟು ಇಲ್ಲವೇ ಇಲ್ಲ ಅನ್ನಬಹುದು. ಬೆಂಗಳೂರಿನವರಿಗೆ ಹುಬ್ಬಳ್ಳಿಯಿಂದ ರಾತ್ರಿ ರೈಲು, ಸೋಮವಾರ ಆಫೀಸು. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ ನಾನೇ ಕೊಡುತ್ತೇನೆ. ಇಲ್ಲದಿದ್ದರೆ ಟ್ರಾವೆಲರ್ ಸೀಟು ನೆನೆದು ಡ್ರೈವರ್ ಐನೂರು ಜಾಸ್ತಿ ಕೇಳುತ್ತಾನೆ.