ನೋಟ್‌ಪ್ಯಾಡ್ ಇದ್ದರೆ ಸಾಕು, ನಿಮ್ಮದೇ ವೆಬ್‌ಸೈಟ್ ಮಾಡಬಹುದು

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ, ರೇಷ್ಮೆ ಸಾಕುವ ಮನೆ. ಹುಳುಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿಕೊಂಡು ನಿಂತರೆ ನಮ್ಮಜ್ಜಿ, "ಜ್ವರಕ್ಕೆ ಹೋಗಿವೆ, ಸೊಪ್ಪು ಹಾಕಬೇಡ" ಅನ್ನುತ್ತಾರೆ. ಇದು ಕಾಯಿಲೆಯ ಜ್ವರ ಅಲ್ಲ, ಹುಳು ಪೊರೆ ಬಿಡುವ ಹೊತ್ತು. ಗೂಡು ಕಟ್ಟುವ ಮೊದಲು ನಾಲ್ಕು ಸಲ ಹೀಗಾಗುತ್ತದೆ. ಅಜ್ಜಿಯ ಇಂಥ ಮಾತುಗಳನ್ನು ಒಂದು ಆ್ಯಪ್‌ನಲ್ಲಿ ಎರಡು ವರ್ಷ ಬರೆದಿಟ್ಟಿದ್ದೆ. ಒಂದು ದಿನ ಖಾತೆ ಲಾಕ್ ಆಯಿತು. ಬರೆದದ್ದೆಲ್ಲ ಹೋಯಿತು. ಆಮೇಲೆ ನನ್ನದೇ ವೆಬ್‌ಸೈಟ್ ಮಾಡಿಕೊಂಡೆ. ಒಂದು ಭಾನುವಾರ ಹಿಡಿಯಿತು, ಅಷ್ಟೇ.

ಮೊದಲು ವಿಷಯ ಹಿಡಿಯಿರಿ. "ನನ್ನ ಬಗ್ಗೆ" ಅಂತ ಶುರು ಮಾಡಿದರೆ ನಾಲ್ಕು ಸಾಲಿಗೆ ನಿಂತುಬಿಡುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದು ಸಂಗತಿ ಸಾಕು. ಮನೆಯ ಬಸ್ಸಾರು ಆಗಬಹುದು, ನೀವು ಬಿಡಿಸಿದ ಚಿತ್ರ ಆಗಬಹುದು. ನನ್ನ ಮೊದಲ ಪುಟದಲ್ಲಿ ಇದ್ದದ್ದು ಹುಳು ಮನೆಯ ಹನ್ನೆರಡು ಪದ, ಹುಳುಗಳನ್ನು ಗೂಡು ಕಟ್ಟಲು ಬಿಡುವ ತಟ್ಟೆ, ಅಂದರೆ ಚಂದ್ರಿಕೆಯ ಒಂದು ಫೋಟೊ.

ಈಗ ಕಂಪ್ಯೂಟರ್‌ನಲ್ಲಿ ನೋಟ್‌ಪ್ಯಾಡ್ ತೆರೆಯಿರಿ. ವೆಬ್ ಪುಟ ಅಂದರೆ ಬರಹದ ನಡುವೆ ಹಾಕಿದ ಗುರುತುಗಳು, ಅದಕ್ಕೆ ಎಚ್‌ಟಿಎಂಎಲ್ ಅನ್ನುತ್ತಾರೆ. ಶೀರ್ಷಿಕೆಗೆ ಎಚ್1, ಪ್ಯಾರಾಗೆ ಪಿ, ಚಿತ್ರಕ್ಕೆ ಐಎಂಜಿ, ಕೊಂಡಿಗೆ ಎ. ಈ ನಾಲ್ಕು ಗುರುತು, ಅಂದರೆ ಟ್ಯಾಗ್ ಕಲಿತರೆ ಮೊದಲ ಪುಟ ಆಗಿಹೋಗುತ್ತದೆ. ಫೈಲಿಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತಲೇ ಹೆಸರಿಡಿ. ಸೈಟಿನ ವಿಳಾಸ ಒತ್ತಿದಾಗ ಮೊದಲು ತೆರೆಯುವುದು ಆ ಹೆಸರಿನ ಫೈಲು. ಸೇವ್ ಮಾಡುವಾಗ "ಆಲ್ ಫೈಲ್ಸ್" ಆರಿಸಿ, ಇಲ್ಲದಿದ್ದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ. ಆ ಫೈಲಿನ ಮೇಲೆ ಎರಡು ಸಲ ಒತ್ತಿ. ಬ್ರೌಸರ್‌ನಲ್ಲಿ ನಿಮ್ಮ ಪುಟ ಕಾಣುತ್ತದೆ, ಇಂಟರ್ನೆಟ್ ಕೂಡ ಬೇಡ.

ಕನ್ನಡದವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಪುಟದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಮೊದಲು ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ಬದಲಾಯಿಸಿಕೊಳ್ಳಿ. ಮೊಬೈಲ್ ಕೀಬೋರ್ಡಿನಲ್ಲಿ ಬರೆದದ್ದು ಯುನಿಕೋಡೇ, ಅದಕ್ಕೆ ತೊಂದರೆ ಇಲ್ಲ. ಆಮೇಲೆ ಫೈಲಿನ ತಲೆಯಲ್ಲಿ, ಹೆಡ್ ಭಾಗದೊಳಗೆ, ಮೆಟಾ ಟ್ಯಾಗ್ ಹಾಕಿ ಚಾರ್‌ಸೆಟ್ ಯುಟಿಎಫ್-8 ಅಂತ ಬರೆಯಿರಿ. ಈ ಒಂದು ಸಾಲು ನಾನು ಮರೆತಿದ್ದೆ. "ಹಿಪ್ಪುನೇರಳೆ" ಅನ್ನುವ ಕಡೆ ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಎ ಅಕ್ಷರಗಳು ಸಾಲಾಗಿ ನಿಂತಿದ್ದವು.

ಇನ್ನೊಂದು, ಸಾಲುಗಳ ನಡುವಿನ ಜಾಗ. ಬಣ್ಣ, ಅಂಚು, ಅಕ್ಷರದ ಗಾತ್ರ ಎಲ್ಲವನ್ನೂ ನೋಡಿಕೊಳ್ಳುವುದು ಸಿಎಸ್ಎಸ್. ಅದರಲ್ಲಿ ಲೈನ್ ಹೈಟ್ ಅಂತ ಇದೆ. ಇಂಗ್ಲಿಷಿಗೆ 1.4 ಸಾಕಾಗಬಹುದು, ನಮಗೆ ಸಾಲದು. "ಚಂದ್ರಿಕೆ" ಬರೆದು ನೋಡಿ. ದ ಕೆಳಗಿನ ರ ಒತ್ತು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು 1.8 ಇಟ್ಟಿದ್ದೇನೆ. ಅಜ್ಜಿ ಕನ್ನಡಕ ಇಲ್ಲದೆಯೂ ಓದಿದರು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ತುಂಬಾ ಸ್ಪಷ್ಟವಾಗಿದೆ.

ಫೋಟೊಗಳನ್ನು ಸಾವಿರ ಪಿಕ್ಸೆಲ್ ಅಗಲಕ್ಕೆ ಇಳಿಸಿ. ಮೊಬೈಲಿನ ಫೋಟೊ ಹಾಗೇ ಹಾಕಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದೇ ಇಲ್ಲ.

ಇನ್ನು ಊರಿಗೆ ತೋರಿಸಬೇಕಲ್ವಾ? 2013ರಲ್ಲಿ ಶುರುವಾದ ನಿಯೋಸಿಟೀಸ್ ಅನ್ನುವ ತಾಣ ಇದಕ್ಕೆಂದೇ ಇದೆ. ಜಾಹೀರಾತು ಇಲ್ಲ, ಉಚಿತ ಖಾತೆಗೆ 1 ಜಿಬಿ ಜಾಗ. ಹೆಸರು ಆರಿಸಿ ಖಾತೆ ತೆರೆದು ಫೈಲುಗಳನ್ನು ಎಳೆದು ಹಾಕಿದರೆ ಮುಗಿಯಿತು. ಗಿಟ್‌ಹಬ್ ಪೇಜಸ್ ಕೂಡ ಉಚಿತ, ಆದರೆ ಹೊಸಬರಿಗೆ ಕೊಂಚ ಕಷ್ಟ.

ಎಲ್ಲಿ ಹಾಕಿದರೂ ಮೂಲ ಫೈಲುಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ತಮ್ಮ ಪುಟ ಕಟ್ಟಿಕೊಂಡಿದ್ದರು. ಆಮೇಲೆ ಅದನ್ನು ಕೊಂಡ ಯಾಹೂ 2009ರಲ್ಲಿ ಬಾಗಿಲು ಹಾಕಿತು. ಪ್ರತಿ ಇಟ್ಟುಕೊಂಡವರು ಅದನ್ನೇ ಬೇರೆ ಕಡೆ ಹಾಕಿಕೊಳ್ಳಬಹುದಿತ್ತು. ಮನೆಯ ವಿಳಾಸ, ಫೋನ್ ನಂಬರ್ ಮಾತ್ರ ಪುಟದಲ್ಲಿ ಬೇಡ.

ನನ್ನ ಪುಟದಲ್ಲಿ ಈಗ ನಲವತ್ತೊಂದು ಪದ ಇವೆ. ಹೋದ ವಾರ ಸೇರಿದ್ದು "ಹಣ್ಣು ಹುಳು". ಮೇವು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ತಯಾರಾದ ಹುಳು. ಅಜ್ಜಿ ಅಂಗೈ ಮೇಲೆ ಒಂದನ್ನು ಇಟ್ಟುಕೊಂಡು ಬೆಳಕಿಗೆ ಹಿಡಿದರು, ನಾನು ಫೋಟೊ ತೆಗೆದೆ.