ಯುಗಾದಿಗೆ ಹರಿಯದ ಬೇಳೆ ಒಬ್ಬಟ್ಟು
ಒಬ್ಬಟ್ಟಿನ ಹಣೆಬರಹ ಬೇಳೆ ಬೇಯುವಾಗಲೇ ಗೊತ್ತಾಗುತ್ತದೆ. 1 ಲೋಟ ತೊಗರಿಬೇಳೆಯನ್ನು ಕುಕ್ಕರಿಗೆ ಹಾಕದೆ ಪಾತ್ರೆಯಲ್ಲೇ ಬೇಯಿಸಿ, ಬೆರಳಲ್ಲಿ ಅದುಮಿದರೆ ನುರಿಯಬೇಕು ಆದರೆ ಕರಗಿ ಗಂಜಿಯಾಗಬಾರದು, ಆಮೇಲೆ ಕಟ್ಟನ್ನು, ಅಂದರೆ ಬೇಳೆ ಬೆಂದ ನೀರನ್ನು, ಪೂರ್ತಿ ಬಸಿದುಬಿಡಿ. ಚೆಲ್ಲಬೇಡಿ ಮತ್ತೆ, ಒಬ್ಬಟ್ಟಿನ ಸಾರಿಗೆ ಅದೇ ಬೇಕಲ್ವಾ? ಬೇಳೆಗೆ 1 ಲೋಟ ಬೆಲ್ಲದ ಪುಡಿ ಹಾಕಿ ಗಟ್ಟಿಯಾಗುವ ತನಕ ಕೆದಕಿ. ನಮ್ಮ ಮಂಡ್ಯದ ಕಡೆ ಆಲೆಮನೆ ಬೆಲ್ಲ ಸಿಕ್ಕರೆ ಕಪ್ಪಗಿರುವುದನ್ನೇ ತನ್ನಿ, ಹಳದಿ ಬೆಲ್ಲ ಸುಮ್ನೆ ನೋಡುವುದಕ್ಕೆ ಚೆಂದ. ಏಲಕ್ಕಿ, ಕಾಯಿತುರಿ ಸೇರಿಸಿ ನೀರು ಹಾಕದೆ ರುಬ್ಬಿ. ಕಣಕಕ್ಕೆ, ಅಂದರೆ ಹೊರಗಿನ ಹಿಟ್ಟಿಗೆ, ಚಿರೋಟಿ ರವೆ, ಮೈದಾ, ಚಿಟಿಕೆ ಅರಿಶಿನ. ಮೆತ್ತಗೆ ಕಲಸಿ, ಮೇಲೆ ಧಾರಾಳವಾಗಿ ಎಣ್ಣೆ ಸುರಿದು 2 ಗಂಟೆ ಬಿಡಿ. ಹೋದ ವರ್ಷ ನಾನು ಅರ್ಧ ಗಂಟೆಗೇ ತಟ್ಟಿದೆ, ಎಲ್ಲ ಚಿಂದಿ! ಕಣಕದೊಳಗೆ ರುಬ್ಬಿದ ಹೂರಣ ತುಂಬಿ ಬಾಳೆ ಎಲೆ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ತುಪ್ಪ ಹಾಕಿ.