ಪ್ಯಾರಿಸ್‌ನಲ್ಲಿ ಆರು ಜನಕ್ಕೆ ಏಳು ರಾತ್ರಿ: ಮೆಟ್ರೋ ಲೈನ್ ಹಿಡಿದು ಮನೆ ಹುಡುಕಿದ ನನ್ನ ಅನುಭವ

"ಐಫೆಲ್ ಟವರ್ ಹತ್ರ ಉಳೀದೆ ಇದ್ರೆ ಅಷ್ಟು ದೂರ ಹೋಗಿ ಏನು ಬಂತಮ್ಮ?" ಅಂತ ನಮ್ಮ ಭಾವ ಕೇಳಿದ್ದರು. ಟ್ರಾವೆಲ್ ಏಜೆಂಟ್ ಹೇಳಿದ್ದೂ ಅದನ್ನೇ. ನನ್ನ ಲೆಕ್ಕ ಬೇರೆ ಇತ್ತು. ಅದು ಸರಿಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

2025ರ ಮೇ 12ರಿಂದ 19ರವರೆಗೆ ಏಳು ರಾತ್ರಿ ಇದ್ದು ಬಂದೆವು. ಅತ್ತೆ, ಮಾವ, ನಾವಿಬ್ಬರು, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು. ಉಳಿಯುವ ಖರ್ಚು ತೆರಿಗೆ ಸೇರಿ ಸುಮಾರು 1,470 ಯೂರೋ. ಆಗಿನ ರೇಟಿನಲ್ಲಿ ಒಂದು ಲಕ್ಷದ ನಲವತ್ತು ಸಾವಿರ ಚಿಲ್ಲರೆ. ಏಜೆಂಟ್ ಕೊಟ್ಟಿದ್ದ ಕೋಟ್ ಎರಡು ಲಕ್ಷದ ಅರವತ್ತು ಸಾವಿರ. ಅದೂ ಮೂರು ಮೂರು ಜನದ ಎರಡು ರೂಮು, ಅಡುಗೆಮನೆ ಇಲ್ಲ, ಎರಡೂ ಒಂದೇ ಫ್ಲೋರಿನಲ್ಲಿ ಸಿಗುವ ಗ್ಯಾರಂಟಿ ಇಲ್ಲ.

ಇದು ಮೊದಲ ಸಲಕ್ಕೇ ಆಗಿದ್ದಲ್ಲ. 2024ರಲ್ಲಿ ಒಂದು ಸಲ ಕೈ ಸುಟ್ಟುಕೊಂಡಿದ್ದೆವು. ಐಫೆಲ್ ಟವರ್‌ನಿಂದ ನಡೆಯುವಷ್ಟು ದೂರದಲ್ಲಿ ಒಂದು ಹೋಟೆಲ್ ನೋಡಿದ್ದೆ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೇಟಿಗಿಂತ, ವಾಪಸ್ ಬರದ ರೇಟು ಒಂಬತ್ತು ಸಾವಿರ ಕಡಿಮೆ ಇತ್ತು. ಆ ಒಂಬತ್ತು ಸಾವಿರದ ಆಸೆಗೆ 38,000 ಅಡ್ವಾನ್ಸ್ ಕಟ್ಟಿದೆ. ಆಮೇಲೆ ವೀಸಾ ಅಪಾಯಿಂಟ್‌ಮೆಂಟೇ ಸಿಗಲಿಲ್ಲ. ರಾತ್ರಿ ಹನ್ನೆರಡಕ್ಕೂ ಬೆಳಗಿನ ಜಾವಕ್ಕೂ ಎದ್ದು ಸ್ಲಾಟ್ ನೋಡುತ್ತಿದ್ದೆ. ಸಿಕ್ಕಿದಾಗ ಮಕ್ಕಳ ರಜೆ ಮುಗಿದಿತ್ತು. 38,000 ಹೋಯಿತು. ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಕ್ಕೆ ಒಂದೇ ವೀಸಾ) ಕೈಗೆ ಬರೋವರೆಗೂ ಕ್ಯಾನ್ಸಲ್ ಮಾಡಲು ಬರುವ ಬುಕಿಂಗ್ ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ. ಇನ್ನೊಂದು ಮಾತು, ಬುಕಿಂಗ್ ಕಾಗದದಲ್ಲಿ ಆರೂ ಜನರ ಹೆಸರು ಬರೆಸಿ. ನನ್ನ ಮೊದಲ ಕಾಗದದಲ್ಲಿ ನಮ್ಮ ಯಜಮಾನರ ಹೆಸರು ಮಾತ್ರ ಇತ್ತು. ಹೋಟೆಲ್‌ಗೆ ಮೇಲ್ ಮಾಡಿ ತಿದ್ದಿಸುವಷ್ಟರಲ್ಲಿ ನಾಲ್ಕು ದಿನ ಹೋಯಿತು.

ಎರಡನೇ ಸಲ ಮೋಂಮಾರ್ತ್ರ್ ಗುಡ್ಡದ ಹತ್ತಿರ ಒಂದು ಅಪಾರ್ಟ್‌ಮೆಂಟ್ ಹಿಡಿದೆ. ಫೋಟೋ ನೋಡಿದರೆ ಕಣ್ಣು ಕೀಳಲು ಆಗದ ಹಾಗಿತ್ತು. ಪ್ಯಾರಿಸ್‌ನಲ್ಲಿ ದಿನದ ಲೆಕ್ಕಕ್ಕೆ ಮನೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿ, 13 ಅಂಕಿಯ ನಂಬರನ್ನು ಜಾಹೀರಾತಿನಲ್ಲಿ ಹಾಕಬೇಕು. ಆ ನಂಬರಿನ ಮೊದಲ ಐದು ಅಂಕಿ ನೋಡಿ. 18ನೇ ಅರೋಂದಿಸ್ಮಾಂ (ಅಂದರೆ ನಗರದ 18ನೇ ವಿಭಾಗ) ಆದರೆ 75118, 13ನೆಯದಾದರೆ 75113. ನಾನು ಹಿಡಿದ ಮನೆ ಇದ್ದದ್ದು 18ರಲ್ಲಿ, ನಂಬರು ಹೇಳುತ್ತಿದ್ದದ್ದು ಬೇರೆ ಜಾಗ. ಕೇಳಿದೆ, ಉತ್ತರ ಬರಲಿಲ್ಲ. ಎರಡು ವಾರ ಬಿಟ್ಟು ಮಾಲೀಕರೇ ಬುಕಿಂಗ್ ಕ್ಯಾನ್ಸಲ್ ಮಾಡಿದರು. ದುಡ್ಡು ಪೂರ್ತಿ ವಾಪಸ್ ಬಂತು. ಆದರೆ ಅಷ್ಟರಲ್ಲಿ ಎಲ್ಲ ಕಡೆ ರೇಟು ಏರಿತ್ತು. ಸ್ವಂತ ವಾಸದ ಮನೆಯನ್ನು ಹೀಗೆ ಕೊಡಲು ಇದ್ದ ಮಿತಿ ವರ್ಷಕ್ಕೆ 120 ರಾತ್ರಿ. 2025ರ ಜನವರಿಯಿಂದ ಅದು 90ಕ್ಕೆ ಇಳಿಯಿತು. ಅಲ್ಲಿಗೆ ಖಾಸಗಿ ಮನೆಯ ಸಹವಾಸ ಬಿಟ್ಟು, ಅಡುಗೆಮನೆ ಇರುವ ಅಪಾರ್ಟ್‌ಹೋಟೆಲ್ ಕಡೆ ತಿರುಗಿದೆ.

ಈ ನಡುವೆ ನಮ್ಮವರು ಆಫೀಸ್ ಕೆಲಸದ ಮೇಲೆ ಪ್ಯಾರಿಸ್‌ಗೆ ಹೋದರು. ನನ್ನ ಒತ್ತಾಯಕ್ಕೆ ಗಾರ್ ದು ನೋರ್ ರೈಲು ನಿಲ್ದಾಣದ ಪಕ್ಕ ಎರಡು ರಾತ್ರಿ ಉಳಿದು ನೋಡಿದರು. ಪಕ್ಕದ ಲಾ ಶಪೆಲ್ ಕಡೆ ಶ್ರೀಲಂಕಾ ತಮಿಳರ ಅಂಗಡಿಗಳಿವೆ. ದೋಸೆ, ಕರಿಬೇವು, ನುಗ್ಗೇಕಾಯಿ ಎಲ್ಲಾ ಸಿಗುತ್ತೆ. ಊಟಕ್ಕೆ ಚಿಂತೆಯಿಲ್ಲ. ಆದರೆ ರಾತ್ರಿ ಗಲಾಟೆ ಜಾಸ್ತಿ, ನಿದ್ದೆ ಇಲ್ಲ ಅಂದರು. ಅವರು ಮಾಡಿಕೊಂಡು ಬಂದ ಇನ್ನೊಂದು ಕೆಲಸವೇ ನನಗೆ ದಾರಿ ತೋರಿಸಿದ್ದು. ಹತ್ತಿ ಇಳಿದ ಪ್ರತಿ ಮೆಟ್ರೋ ಸ್ಟೇಷನ್‌ನಲ್ಲೂ ಮೆಟ್ಟಿಲು ಎಣಿಸಿ ಫೋನಲ್ಲಿ ಬರೆದುಕೊಂಡಿದ್ದರು. 40, 62, ಒಂದು ಕಡೆ 80ರ ಮೇಲೆ. ಅತ್ತೆಗೆ ಎರಡೂ ಮಂಡಿ ನೋವು. ಮನೆಯಲ್ಲೇ ಹತ್ತು ಮೆಟ್ಟಿಲು ಇಳಿಯಲು ಕಂಬಿ ಹಿಡಿಯುತ್ತಾರೆ.

ಪ್ಯಾರಿಸ್ ಮೆಟ್ರೋ ಶುರುವಾಗಿದ್ದು 1900ರಲ್ಲಿ. ಹಳೆಯ ಲೈನ್‌ಗಳಲ್ಲಿ ಲಿಫ್ಟ್ ಅಪರೂಪ. ಆದರೆ 14ನೇ ಲೈನ್ 1998ರದ್ದು. ಡ್ರೈವರ್ ಇಲ್ಲದ ರೈಲು, ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್, ಪ್ಲಾಟ್‌ಫಾರ್ಮ್ ಅಂಚಿಗೆ ಗಾಜಿನ ಬಾಗಿಲು. 2024ರ ಜೂನ್‌ನಲ್ಲಿ ಅದು ದಕ್ಷಿಣಕ್ಕೆ ಓರ್ಲಿ ವಿಮಾನ ನಿಲ್ದಾಣದವರೆಗೂ ಉತ್ತರಕ್ಕೆ ಸ್ಯಾಂ ದನಿಯವರೆಗೂ ಬೆಳೆಯಿತು. ನಾನು ಐಫೆಲ್ ಟವರ್ ಮರೆತು, ಈ ಒಂದು ಗೆರೆ ಹಿಡಿದುಕೊಂಡು ಕೂತೆ. ಪ್ರತಿ ಸ್ಟೇಷನ್ ಸುತ್ತ ಐದಾರು ನಿಮಿಷ ನಡೆಯುವಷ್ಟು ದೂರ. ಅದರೊಳಗೆ ಇರುವ ಅಪಾರ್ಟ್‌ಹೋಟೆಲ್ ಮಾತ್ರ. ಒಟ್ಟು ಹನ್ನೊಂದು ಸಿಕ್ಕಿದವು ಅಂತ ನೆನಪು.

ಊರ ಹೊರಗೆ ವಿಲ್‌ಜುಯಿಫ್ ಕಡೆ ದಿನಕ್ಕೆ 20–25 ಯೂರೋ ಕಡಿಮೆ ಇತ್ತು. 2025ರಲ್ಲಿ ಮೆಟ್ರೋ ಟಿಕೆಟ್ ಎಷ್ಟು ದೂರಕ್ಕಾದರೂ ಎರಡೂವರೆ ಯೂರೋ ಇತ್ತು, ಏರ್‌ಪೋರ್ಟ್‌ಗೆ ಮಾತ್ರ ಬೇರೆ. ಹಾಗಾಗಿ ಹೊರಗೆ ಉಳಿದರೂ ಓಡಾಟಕ್ಕೆ ಜಾಸ್ತಿ ಬೀಳಲ್ಲ. ಬರೀ ದೊಡ್ಡವರಾಗಿದ್ದರೆ ನಾನು ಅಲ್ಲೇ ಹಿಡಿಯುತ್ತಿದ್ದೆ. ಮಗಳು ಸಂಜೆ ಏಳಕ್ಕೇ ತೂಕಡಿಸುವವಳು. ಅದಕ್ಕೆ 13ನೇ ಅರೋಂದಿಸ್ಮಾಂನ ಒಲಿಂಪಿಯಾಡ್ ಸ್ಟೇಷನ್ ಹತ್ತಿರ ನಿಂತೆ. ಅಲ್ಲಿಂದ ಊರ ನಡುವಿನ ಶಾತ್ಲೆ ಸ್ಟೇಷನ್ನಿಗೆ ಹತ್ತು ನಿಮಿಷ. ಅದರ ಮುಂದಿನ ಸ್ಟೇಷನ್ ಪಿರಮಿಡ್, ಲೂವ್ರ್ ಮ್ಯೂಸಿಯಂ‌ಗೆ ಅಲ್ಲಿಂದ ನಡೆದೇ ಹೋದೆವು. ಐಫೆಲ್ ಟವರ್‌ಗೆ ಶಾತ್ಲೆಯಲ್ಲಿ ಮೇಲೆ ಬಂದು 69ನೇ ನಂಬರ್ ಬಸ್. ಲೂವ್ರ್ ಪಕ್ಕದಲ್ಲೇ ಹೋಗುತ್ತೆ, ಅತ್ತೆ ಕಿಟಕಿ ಬದಿ ಕೂತು ಊರೆಲ್ಲ ನೋಡಿದರು.

ಬುಕ್ ಮಾಡುವಾಗ ಒಂದು ಕಡೆ ಎಡವುವವರು ತುಂಬ. ಫ್ರಾನ್ಸ್‌ನವರು "ಎರಡು ಕೋಣೆ" ಅಂದರೆ ಎರಡು ಬೆಡ್‌ರೂಮ್ ಅಲ್ಲ, ಹಾಲೂ ಲೆಕ್ಕಕ್ಕೆ ಸೇರಿದೆ. ಒಂದು ಬೆಡ್‌ರೂಮ್, ಒಂದು ಹಾಲ್, ಹಾಲಲ್ಲಿ ಸೋಫಾ ಹಾಸಿಗೆ. ನಮ್ಮಂಥ ಆರು ಜನಕ್ಕೆ "ಮೂರು ಕೋಣೆ" ಬೇಕು. ಲಿಫ್ಟ್ ಇದೆ ಅಂದರೂ ನಂಬಬೇಡಿ. ಹಿಂದೆ ಉಳಿದವರ ಅಭಿಪ್ರಾಯಗಳಲ್ಲಿ "ಅಸಾನ್ಸರ್" ಅನ್ನೋ ಫ್ರೆಂಚ್ ಪದವನ್ನೇ ಹುಡುಕಿ. ಎರಡು ಜನ ಒತ್ತಿಕೊಂಡು ನಿಲ್ಲುವ ಲಿಫ್ಟು, ಅರ್ಧ ಮಹಡಿ ಹತ್ತಿದ ಮೇಲೆ ಸಿಗುವ ಲಿಫ್ಟು, ಎಲ್ಲದರ ಕಥೆ ಅಲ್ಲೇ ಇರುತ್ತೆ.

ತಾರೀಖು ನೋಡಿ ಇಟ್ಟಿದ್ದು. ಮೇ 1 ಮತ್ತು 8 ಅಲ್ಲಿ ರಜೆ, ಆ ವರ್ಷ 29ಕ್ಕೂ ಹಬ್ಬದ ರಜೆ. ನಡುವಿನ ವಾರದಲ್ಲಿ ರೇಟು ಇಳಿದಿತ್ತು. ಜೊತೆಗೆ ಮೆಟ್ರೋ, ಬಸ್ಸಿಗೆಲ್ಲ ನಡೆಯುವ ವಾರದ ನಾವಿಗೋ ಪಾಸ್ ಸೋಮವಾರದಿಂದ ಭಾನುವಾರದವರೆಗೆ ಮಾತ್ರ. ಬುಧವಾರ ಇಳಿದರೆ ಎರಡು ದಿನದ ದುಡ್ಡು ದಂಡ. ನಾವು ಸೋಮವಾರ ಬೆಳಗ್ಗೆ ಇಳಿದೆವು. ಆಗ ಪಾಸ್ 32 ಯೂರೋ ಒಳಗಿತ್ತು, ಕಾರ್ಡಿಗೆ ಇನ್ನೊಂದು ಐದು. ಪಾಸ್‌ಪೋರ್ಟ್ ಸೈಜಿಗಿಂತ ಚಿಕ್ಕ (2.5 × 3 ಸೆಂ.ಮೀ.) ಫೋಟೋ ಊರಿಂದಲೇ ತಗೊಂಡು ಹೋಗಿ. ಪ್ರವಾಸಿ ತೆರಿಗೆ ಮೂರು ಸ್ಟಾರ್‌ಗೆ ದೊಡ್ಡವರಿಗೆ ದಿನಕ್ಕೆ ಐದು ಯೂರೋ ಮೇಲೆ ಸ್ವಲ್ಪ ಇತ್ತು, 18 ತುಂಬದವರಿಗೆ ಇಲ್ಲ.

ಆಮೇಲೆ ಅಪಾರ್ಟ್‌ಹೋಟೆಲ್‌ಗೆ ನೇರವಾಗಿ ಒಂದು ಮೇಲ್ ಬರೆದೆ. ಬುಕಿಂಗ್ ಸೈಟಿನ ರೇಟಿಗಿಂತ ಶೇಕಡಾ 12ರಷ್ಟು ಇಳಿಸಿದರು, ಬೆಳಗ್ಗೆ ಹನ್ನೊಂದಕ್ಕೇ ಕೀಲಿ ಕೊಟ್ಟರು. ಅದರಲ್ಲಿ ಏನು ಬರೆದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮುಂದಿನ ವರ್ಷ ರೋಮ್‌ಗೂ ಅದೇ ಬೇಕು.

ಅಡುಗೆಮನೆ ಇದ್ದದ್ದಕ್ಕೆ ಉಳಿದ ದುಡ್ಡು ಇನ್ನೂ ಜಾಸ್ತಿ. ಆರು ಜನ ಹೊರಗೆ ಸಾಧಾರಣ ಊಟ ಮಾಡಿದರೂ 90 ಯೂರೋ ಬೀಳುತ್ತಿತ್ತು. ಒಲೆ ಇಂಡಕ್ಷನ್. ನಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗಲ್ಲ ಅಂತ ಗೊತ್ತಿತ್ತು. ಅದಕ್ಕೆ ಮೂರು ಲೀಟರಿನ ಸ್ಟೀಲ್ ಕುಕ್ಕರ್ ಕೊಂಡು, ತಳಕ್ಕೆ ಫ್ರಿಜ್ ಮ್ಯಾಗ್ನೆಟ್ ಅಂಟಿಸಿ ನೋಡಿ, ಸಾರಿನ ಪುಡಿ ಡಬ್ಬಿಯನ್ನು ಅದರೊಳಗೇ ತುಂಬಿ ತಗೊಂಡು ಹೋದೆ. ಅಕ್ಕಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಅಲ್ಲೇ ಹತ್ತಿರದ ತಾಂಗ್ ಫ್ರೆರ್ ಅನ್ನೋ ದೊಡ್ಡ ಏಷ್ಯನ್ ಅಂಗಡಿಯಲ್ಲಿ ಸಿಕ್ಕಿತು. ಮೊದಲ ರಾತ್ರಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಹಾಕಿದ ಕೂಡಲೇ ಹೊಗೆ ಅಲಾರಂ ಕೂಗಿಕೊಂಡಿತು. ಎರಡನೇ ದಿನದಿಂದ ಒಗ್ಗರಣೆಯನ್ನು ಕಿಟಕಿ ಪೂರ್ತಿ ತೆಗೆದು, ಉರಿ ಕಡಿಮೆ ಇಟ್ಟು, ಮೇಲೆ ಮುಚ್ಚಳ ಹಿಡಿದು ಹಾಕಿದೆ. ಆಮೇಲೆ ಒಂದು ದಿನವೂ ಕೂಗಲಿಲ್ಲ. ಬಾತ್‌ರೂಮಿಗೆ ಒಂದು ಚೊಂಬು ಮರೆಯದೆ ಇಟ್ಟುಕೊಳ್ಳಿ, ಅಲ್ಲಿ ಸಿಗಲ್ಲ.

ಭಾವ ಈಗ ಅವರ ಬೀಗರಿಗೆ ಅಂತ ಆ ಸ್ಟೇಷನ್ ಹೆಸರು ಕೇಳಿ ಬರೆದುಕೊಂಡಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಳಗೆ ಹೋಗುವಾಗ ಡಿಪಾಸಿಟ್ ಅಂತ ಕಾರ್ಡಿನಲ್ಲಿ 300 ಯೂರೋ ತಡೆಹಿಡಿದರು. ಬಿಟ್ಟಿದ್ದು ನಾವು ಬೆಂಗಳೂರಿಗೆ ಬಂದು ಹತ್ತು ದಿನದ ಮೇಲೆ. ಅದಕ್ಕೆ ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ದುಡ್ಡು ತುಂಬಿಸಿದ ಕಾರ್ಡ್) ಕೊಡಬೇಡಿ, ಕ್ರೆಡಿಟ್ ಕಾರ್ಡ್ ಕೊಡಿ. ಇಲ್ಲದಿದ್ದರೆ ಪ್ರವಾಸದ ಖರ್ಚಿನ ದುಡ್ಡೇ ಅಲ್ಲಿ ಸಿಕ್ಕಿಕೊಳ್ಳುತ್ತೆ.